ಎದುರಾಳಿಗೆ ಕೊಟ್ಟ ಪುಟಗಳು



ವಾದವನ್ನು ಬರಹದಲ್ಲಿ ಕಟ್ಟುವುದು ಹೇಗೆ ಎಂಬ ಇಂದಿನ ವಿಷಯಕ್ಕೆ ನಾನು ಒಂದೇ ಪುಸ್ತಕ ಹಿಡಿದು ಬಂದಿದ್ದೇನೆ. ಅದೂ ಭಾಷಣವೇ, ಆದರೆ ವೇದಿಕೆ ಕಾಣದ ಭಾಷಣ. 1936ರಲ್ಲಿ ಲಾಹೋರಿನ ಜಾತಿವಿರೋಧಿ ಸಂಘಟನೆಯಾದ ಜಾತ್-ಪಾತ್ ತೋಡಕ್ ಮಂಡಲದವರು ತಮ್ಮ ವಾರ್ಷಿಕ ಸಮ್ಮೇಳನದ ಅಧ್ಯಕ್ಷತೆಗೆ ಅಂಬೇಡ್ಕರ್ ಅವರನ್ನು ಕರೆದಿದ್ದರು. ಬರೆದ ಭಾಷಣವನ್ನು ಮೊದಲೇ ಓದಿ, ಕೆಲವು ಭಾಗ ಬಿಡಿ ಎಂದರು. ಒಂದು ಅಲ್ಪವಿರಾಮ ಬದಲಿಸಲೂ ಅಂಬೇಡ್ಕರ್ ಒಪ್ಪಲಿಲ್ಲ. ಸಮ್ಮೇಳನ ನಿಂತುಹೋಯಿತು. ಅವರು ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. ಎರಡು ತಿಂಗಳಲ್ಲಿ ಎಲ್ಲವೂ ಮುಗಿದವು. ಕನ್ನಡದಲ್ಲಿ ನಾವು ‘ಜಾತಿ ವಿನಾಶ’ ಎನ್ನುವ ಕೃತಿ ಅದು.

ನಮ್ಮ ನ್ಯಾಯಶಾಸ್ತ್ರ ವಾದಕ್ಕೆ ಐದು ಅಂಗ ಹೇಳುತ್ತದೆ: ಪ್ರತಿಜ್ಞೆ (ಸಾಧಿಸಬೇಕಾದ ಮಾತು), ಹೇತು (ಕಾರಣ), ಉದಾಹರಣೆ, ಉಪನಯ (ಅದನ್ನು ಪ್ರಸ್ತುತ ವಿಷಯಕ್ಕೆ ಅನ್ವಯಿಸುವುದು), ನಿಗಮನ (ತೀರ್ಮಾನ). ನಮ್ಮ ಮಕ್ಕಳ ಪ್ರಬಂಧಗಳಲ್ಲಿ ಪ್ರತಿಜ್ಞೆ ಇರುತ್ತದೆ, ನಿಗಮನವೂ ಇರುತ್ತದೆ. ನಡುವಿನ ಮೂರು ಇರುವುದಿಲ್ಲ. ಜಾತಿ ಹೋಗಬೇಕು, ಏಕೆಂದರೆ ಅದು ಕೆಟ್ಟದ್ದು, ಆದ್ದರಿಂದ ಹೋಗಬೇಕು. ಇದು ಅಭಿಪ್ರಾಯ. ಮೊದಲೇ ಒಪ್ಪಿದವನು ತಲೆದೂಗುತ್ತಾನೆ, ಒಪ್ಪದವನು ಪುಟ ಮಗುಚುತ್ತಾನೆ.

ಅಂಬೇಡ್ಕರ್ ಒಪ್ಪದವನಿಗೇ ಬರೆದರು. ಜಾತಿಯೆಂದರೆ ಶ್ರಮ ವಿಭಜನೆ ಮಾತ್ರ, ನಾಗರಿಕ ಸಮಾಜಕ್ಕೆ ಅದು ಬೇಕೇ ಬೇಕು ಎಂಬ ಸಮರ್ಥನೆಯನ್ನು ಎದುರಿಗಿಟ್ಟುಕೊಂಡು, ಈ ಪದ್ಧತಿ ದುಡಿಮೆಯ ಜೊತೆಗೆ ದುಡಿಯುವ ಮನುಷ್ಯರನ್ನೇ ಬೇರೆಬೇರೆ ಕಟ್ಟಿಹಾಕಿದೆ ಎಂದು ತೋರಿಸಿದರು. ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಪೂರ್ತಿ ಹೇಳಿ ಆಮೇಲೆ ಉತ್ತರ ಕೊಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಇವತ್ತು ಅದನ್ನು ಬಿಟ್ಟಿದ್ದೇವೆ ಎಂಬ ನೋವು ನನಗಿದೆ.

ಇನ್ನು ಮನವೊಲಿಸುವ ಭಾಷೆ. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯನು ತನ್ನ ಹೆಜ್ಜೆಯ ಧೂಳು ಗುಡಿಸಲು ಸೊಂಟಕ್ಕೆ ಪೊರಕೆ ಕಟ್ಟಿಕೊಳ್ಳಬೇಕಿತ್ತು, ಉಗುಳಲು ಕೊರಳಿಗೆ ಮಡಕೆ ತೂಗುಹಾಕಿಕೊಳ್ಳಬೇಕಿತ್ತು ಎಂದು ಬರೆಯುವಾಗ ಅವರು ವಿಶೇಷಣಗಳನ್ನು ಖರ್ಚು ಮಾಡುವುದಿಲ್ಲ. ಪೊರಕೆ, ಮಡಕೆ, ಅಷ್ಟೇ. ಅಯ್ಯೋ ಎನ್ನುವುದು ಓದುಗನ ಪಾಲಿನ ಕೆಲಸ.

ಆಮೇಲೆ ಒಂದು ಪ್ರಶ್ನಾಮಾಲೆ ಬರುತ್ತದೆ. ರಾಜಕೀಯ ಅಧಿಕಾರಕ್ಕೆ ನೀವು ಅರ್ಹರೇ ಎಂಬ ಒಂದೇ ಪ್ರಶ್ನೆ ಮತ್ತೆ ಮತ್ತೆ. ಅಸ್ಪೃಶ್ಯರಿಗೆ ಶಾಲೆ ಇಲ್ಲ, ಬಾವಿ ಇಲ್ಲ, ಬೀದಿ ಇಲ್ಲ, ಇಷ್ಟದ ಬಟ್ಟೆ-ಒಡವೆ ಇಲ್ಲ, ಇಷ್ಟದ ಊಟ ಇಲ್ಲ. ಈ ಅನುಕ್ರಮವನ್ನು ಗಮನಿಸಿ. ಊರಿನ ಕಟ್ಟಡದಿಂದ ಹೊರಟ ನಿಷೇಧ ಮೈಮೇಲಿನ ಬಟ್ಟೆಗೆ, ಕೊನೆಗೆ ಬಾಯೊಳಗಿನ ತುತ್ತಿಗೆ ಬಂದು ನಿಲ್ಲುತ್ತದೆ. ಜೈಪುರ ಸಂಸ್ಥಾನದ ಚಕ್ವಾರದಲ್ಲಿ ತುಪ್ಪ ಬಡಿಸಿದ್ದಕ್ಕೆ ಅಸ್ಪೃಶ್ಯರು ಹೊಡೆತ ತಿಂದ ಸಂಗತಿಯನ್ನು ಅವರು ಆಗಲೇ ಹೇಳಿರುವುದರಿಂದ ಆ ಕೊನೆಯ ಪ್ರಶ್ನೆ ಬರಿಯ ಅಲಂಕಾರವಾಗಿ ಉಳಿಯುವುದಿಲ್ಲ. ಒಂದು ದೇಶ ಇನ್ನೊಂದನ್ನು ಆಳಲು ಯೋಗ್ಯವಲ್ಲ ಎಂಬ ಇಂಗ್ಲಿಷ್ ಚಿಂತಕ ಮಿಲ್‌ನ ಮಾತನ್ನು ಕಾಂಗ್ರೆಸ್ಸಿಗರು ಬಳಸುತ್ತಿದ್ದರಲ್ಲ, ಹಾಗಾದರೆ ಒಂದು ವರ್ಗ ಇನ್ನೊಂದನ್ನು ಆಳಲೂ ಯೋಗ್ಯವಲ್ಲವೆಂದು ಒಪ್ಪಿ ಎನ್ನುತ್ತಾರೆ. ಹೇತು ಎದುರಾಳಿಯದೇ, ನಿಗಮನ ಮಾತ್ರ ಇವರದು.

ಗಾಂಧೀಜಿ 1936ರ ಜುಲೈನಲ್ಲಿ ‘ಹರಿಜನ’ ಪತ್ರಿಕೆಯಲ್ಲಿ ಈ ಪುಸ್ತಕವನ್ನು ವಿಮರ್ಶಿಸಿದರು. ಧರ್ಮವನ್ನು ಅದರ ಅತ್ಯುತ್ತಮ ಅನುಯಾಯಿಗಳಿಂದ ಅಳೆಯಬೇಕು, ಕೆಟ್ಟವರಿಂದಲ್ಲ ಎಂಬುದು ಅವರ ಆಕ್ಷೇಪಗಳಲ್ಲೊಂದು. 1937ರ ಎರಡನೆಯ ಆವೃತ್ತಿಯಲ್ಲಿ ಅಂಬೇಡ್ಕರ್ ಆ ಬರಹವನ್ನೂ ಸೇರಿಸಿ, ಜೊತೆಗೆ ತಮ್ಮ ಉತ್ತರ ಅಚ್ಚು ಮಾಡಿದರು. ಆ ಅಳತೆಗೋಲನ್ನು ಅವರು ತಳ್ಳಿಹಾಕಲಿಲ್ಲ. ಒಪ್ಪಿಕೊಂಡೇ ಕೇಳಿದರು: ಹಾಗಾದರೆ ಉತ್ತಮರು ಇಷ್ಟು ಕಡಿಮೆ, ಕೆಟ್ಟವರು ಇಷ್ಟು ಹೆಚ್ಚು ಏಕೆ?

ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಈ ವಾರ ಗಾಂಧೀಜಿಯ ಪುಟಗಳನ್ನು ಮೊದಲು ಓದಿ. ಅವರ ಪಕ್ಷವನ್ನು ಅವರೇ ಮೆಚ್ಚುವಷ್ಟು ಗಟ್ಟಿಯಾಗಿ ಒಂದು ಪುಟ ಬರೆಯಿರಿ. ಅಂಬೇಡ್ಕರ್ ಉತ್ತರವನ್ನು ಆಮೇಲೆ ತೆರೆಯೋಣ.