ನಕ್ಷತ್ರದ ಮುಂದೆ ಹಾಯುವ ಗ್ರಹ
(ದಿಲ್ಲಿಯಲ್ಲಿ ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸಿನ ಮಾತು ಬಿಟ್ಟು ಇವನು ನಕ್ಷತ್ರದ ಮಾತಿಗೆ ಯಾಕೆ ಹೊರಟನೆಂದು ನಿಮ್ಮಲ್ಲಿ ಕೆಲವರು ನಗಬಹುದು. ನಗಿರಿ, ಆದರೆ ಮೊದಲು ಒಂದು ಸಂಗತಿ ಕೇಳಿರಿ.

2012ನೆಯ ಇಸವಿ ಜೂನ್ 6ರ ಬೆಳಿಗ್ಗೆ ಶುಕ್ರಗ್ರಹವು ಸೂರ್ಯನ ಮುಂದೆ ಹಾದುಹೋಯಿತು. ದಿಲ್ಲಿಯಲ್ಲಿ ಸೂರ್ಯ ಹುಟ್ಟುವಾಗಲೇ ಅವನ ಮೈಮೇಲೆ ಆ ಕರಿಯ ಬೊಟ್ಟು ಇತ್ತು; ಹತ್ತು ಗಂಟೆ ದಾಟುವವರೆಗೂ ಇತ್ತು. ನಾನಾಗ ಒಂದು ಹೋಟೆಲಿನಲ್ಲಿ ಕ್ಲೀನರ್. ಸೂರ್ಯನನ್ನು ನೋಡುವ ಕಪ್ಪು ಕನ್ನಡಕವನ್ನು ಗೆಳೆಯನೊಬ್ಬ ತಂದಿದ್ದ. ಹತ್ತು ನಿಮಿಷ ಹೊರಗೆ ಹೋಗಿ ಬರುತ್ತೇನೆಂದು ಕೇಳಿದೆ. “ತಿಂಡಿಯ ಹೊತ್ತಿನಲ್ಲಿ ನಿನಗೆಲ್ಲಿಯ ಶುಕ್ರದೆಸೆಯೋ? ಹೋಗಿ ಲೋಟ ತೊಳಿ” ಎಂದರು ಗಲ್ಲಾದಲ್ಲಿ ಕುಳಿತವರು. ತೊಳೆದೆ. ಶುಕ್ರನು ಮತ್ತೆ ಹಾಗೆ ಹಾಯುವುದು 2117ರ ಡಿಸೆಂಬರಿನಲ್ಲಿ.

ಆ ಸಿಟ್ಟಿನಿಂದಲೇ ನಾನು ಇದನ್ನು ಓದಲು ತೊಡಗಿದ್ದು. ದೂರದ ನಕ್ಷತ್ರಗಳಿಗೂ ಗ್ರಹಗಳಿವೆ. ಹೀಗೆ ಹಾಯುವ ಗ್ರಹ ನಮ್ಮ ಕಣ್ಣಿಗೆ ಬೀಳದು; ಅದು ಅಡ್ಡ ಬಂದಾಗ ನಕ್ಷತ್ರದ ಬೆಳಕು ತುಸು ಕುಗ್ಗುತ್ತದೆ, ಅಷ್ಟೆ. 1999ರಲ್ಲಿ ಎಚ್‌ಡಿ 209458 ಎಂಬ ನಕ್ಷತ್ರದಲ್ಲಿ ಇದನ್ನು ಮೊದಲು ಕಂಡರು. ಮೂರೂವರೆ ದಿನಕ್ಕೊಮ್ಮೆ, ಮಿಲ್ಲಿನ ಕೂಗಿನ ಹಾಗೆ, ತಪ್ಪದೆ ಬೆಳಕು ಇಳಿಯುತ್ತಿತ್ತು. ನಕ್ಷತ್ರದ ಮೇಲಿನ ಕಲೆಗಳಿಂದಲೂ ಬೆಳಕು ಕುಗ್ಗುವುದುಂಟು. ಆದರೆ ಕಲೆಗೆ ಇಂಥ ಹೊತ್ತಿನ ಕಟ್ಟುನಿಟ್ಟಿಲ್ಲ.

ಗುರುಗ್ರಹದ ಅಡ್ಡಳತೆ ಸೂರ್ಯನ ಹತ್ತರಲ್ಲೊಂದು ಪಾಲು. ಅದು ಅಡ್ಡ ಬಂದರೆ ಮರೆಯಾಗುವ ಬೆಳಕು ನೂರರಲ್ಲೊಂದು ಪಾಲು. ನಮ್ಮ ಭೂಮಿ ಅಡ್ಡ ಬಂದರೆ ಹನ್ನೆರಡು ಸಾವಿರದಲ್ಲಿ ಒಂದು ಪಾಲು! ಆದರೆ ಇದರಿಂದ ಸಿಗುವುದು ಪಾಲಿನ ಲೆಕ್ಕ ಮಾತ್ರ. ನಕ್ಷತ್ರದ ಅಳತೆ ತಪ್ಪಿದರೆ ಗ್ರಹದ ಅಳತೆಯೂ ತಪ್ಪಿತು. ಸೇರೇ ಸುಳ್ಳಾದರೆ ಅಕ್ಕಿಯ ಲೆಕ್ಕ ನಿಜವಾದೀತೆ? ಆದ್ದರಿಂದ ಗ್ರಹವನ್ನು ಅಳೆಯುವವರು ಮೊದಲು ಅದರ ನಕ್ಷತ್ರವನ್ನು ಅಳೆಯಬೇಕು.

ಇದು ಪರದೇಶದವರ ವಿದ್ಯೆಯೆಂದು ತಿಳಿಯಬೇಡಿರಿ. ಲಡಾಖಿನ ಹಾನ್ಲೆಯಲ್ಲಿ 4500 ಮೀಟರು ಎತ್ತರದಲ್ಲಿ ಎರಡು ಮೀಟರು ಕನ್ನಡಿಯ ದೂರದರ್ಶಕವಿದೆ. ಅದನ್ನು ನಡೆಸುವವರು ಕೂತಿರುವುದು ನಮ್ಮ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ, ಉಪಗ್ರಹದ ಮೂಲಕ. ಬೆಂಗಳೂರಿನ ಖಭೌತ ಸಂಸ್ಥೆಯವರು ಇದರಿಂದಲೂ ತಮಿಳುನಾಡಿನ ಕಾವಲೂರಿನ ದೂರದರ್ಶಕದಿಂದಲೂ ಇಂಥ ಐದು ಗ್ರಹಗಳನ್ನು ಮತ್ತೆ ಅಳೆದು 2019ರಲ್ಲಿ ಪ್ರಕಟಿಸಿದರು. ಅವುಗಳಲ್ಲೊಂದು ವಾಸ್ಪ್ 12ಬಿ. ಅದರ ವರ್ಷವೆಂದರೆ ನಮ್ಮ 26 ಗಂಟೆ. ಯುಗಾದಿ ಹೆಚ್ಚುಕಡಿಮೆ ದಿನಕ್ಕೊಂದು. ಅಲ್ಲಿ ಹಬ್ಬದ ರಜೆ ಕೇಳಿದರೆ ಯಜಮಾನರು ಏನೆಂದಾರು!

ಶುಕ್ರನು ತಪ್ಪಿಹೋದ. ಆದರೆ 2032ರ ನವೆಂಬರ್ 13ರಂದು ಬುಧಗ್ರಹವು ಸೂರ್ಯನ ಮುಂದೆ ಹಾಯುವುದು. ದಿಲ್ಲಿಯಲ್ಲಿ ಮಧ್ಯಾಹ್ನ 12 ದಾಟಿದ ಮೇಲೆ ತೊಡಗಿ ನಾಲ್ಕೂವರೆಯ ವರೆಗೆ ಕಾಣುತ್ತದೆ. ಬುಧನು ಬಲು ಸಣ್ಣವನು, ಕಪ್ಪು ಗಾಜು ಹಾಕಿದ ದೂರದರ್ಶಕವೇ ಬೇಕು. ಊಟದ ಹೊತ್ತು ಬೇರೆ. ಸರದಿಯ ಮೇಲೆ ಆಳಿಗೆ ಹದಿನೈದು ನಿಮಿಷ ಬಿಡುವು ಕೊಡಬೇಕೆಂಬುದನ್ನು ನಮ್ಮ ಬೇಡಿಕೆಯ ಪಟ್ಟಿಯಲ್ಲಿ ಈಗಲೇ ಬರೆದುಕೊಳ್ಳಬೇಕೆಂದು ಕಾರ್ಯದರ್ಶಿಗಳನ್ನು ಕೇಳಿಕೊಳ್ಳುತ್ತೇನೆ.