ಚೆಂಡು, ಅಟ್ಟೆ, ಮೋಲ್

ಪಿಯುಸಿ ರಸಾಯನಶಾಸ್ತ್ರದ ಮೊದಲ ಪಾಠದಲ್ಲೇ ಮೋಲ್ ಎದುರಾಗುತ್ತದೆ. ಕೆಮ್ಮಣ್ಣು ಎಂಬ ಊರಿನಿಂದ ಬಸ್ಸು ಹತ್ತಿ ಕಾಲೇಜಿಗೆ ಹೋಗುವ ಮಕ್ಕಳೂ ಅಲ್ಲೇ ತಡವರಿಸುವುದು. ಹೆದರಬೇಕಾಗಿಲ್ಲ. ಶಂಕರಪುರದ ಮಲ್ಲಿಗೆ ಕಟ್ಟುವವರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎನ್ನುತ್ತಾರಲ್ಲ, ಮೋಲ್ ಕೂಡ ಅಂಥದೇ ಎಣಿಕೆಯ ಕಟ್ಟು. ಆದರೆ ಈ ಕಟ್ಟಿನಲ್ಲಿರುವ ಕಣಗಳು, 6ರ ಮುಂದೆ 23 ಸೊನ್ನೆ ಇಟ್ಟರೂ ತುಸು ಕಡಿಮೆಯೇ!

ಇಷ್ಟನ್ನು ಎಣಿಸುವವರು ಯಾರು? ಎಣಿಸುವುದಿಲ್ಲ, ತೂಗುತ್ತೇವೆ. ಸ್ವರ್ಣಾ ಹೊಳೆಯ ಮರುವಾಯಿ ಚಿಪ್ಪನ್ನೇ ತೆಗೆದುಕೊಳ್ಳಿ. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟ್. ಪರಮಾಣು ತೂಕದ ಲೆಕ್ಕದಲ್ಲಿ ಕ್ಯಾಲ್ಸಿಯಂ 40, ಇಂಗಾಲ 12, ಮೂರು ಆಮ್ಲಜನಕ 48, ಕೂಡಿದರೆ 100. ಹಾಗಾಗಿ 100 ಗ್ರಾಂ ಎಂದರೆ ಒಂದು ಮೋಲ್. ಚಿಪ್ಪು ಶುದ್ಧವೆಂದೇ ಇಟ್ಟುಕೊಂಡರೆ ಒಂದು ಕಿಲೋದಲ್ಲಿ ಹತ್ತು ಮೋಲ್. ಭಟ್ಟಿಯಲ್ಲಿ ಸುಟ್ಟಾಗ ಸಿಗುವ ಸುಣ್ಣವೂ ಹತ್ತೇ ಮೋಲ್, ತೂಕ ಮಾತ್ರ 560 ಗ್ರಾಂ. ಉಳಿದ 440 ಗ್ರಾಂ ಇಂಗಾಲದ ಡೈಆಕ್ಸೈಡಾಗಿ ಗಾಳಿಗೆ ಹೋಯಿತು.

ಗ್ರಾಂ ಕೊಟ್ಟರೆ ಭಾಗಿಸು, ಮೋಲ್ ಕೊಟ್ಟರೆ ಗುಣಿಸು ಎಂಬ ಬಾಯಿಪಾಠ ನನಗಂತೂ ಹಿಡಿಸದು. ಒಂದು ಮೋಲಿನ ತೂಕವೆಷ್ಟು ಎಂದು ಮೊದಲು ಕೇಳಿಕೊಂಡರೆ ಭಾಗಾಕಾರವೋ ಗುಣಾಕಾರವೋ ತಾನಾಗಿ ಹೊಳೆಯುತ್ತದೆ.

ಭಟ್ಟಿಯಲ್ಲಿ ಸಿಕ್ಕ ಆ 560 ಗ್ರಾಂ ಸುಣ್ಣಕ್ಕೆ ನೀರೆರೆದಾಗ ಬುಸುಗುಡುತ್ತಾ ಹತ್ತು ಮೋಲ್, ಅಂದರೆ 180 ಗ್ರಾಂ ನೀರು ಕುಡಿದು, 740 ಗ್ರಾಂ ಅರಳಿದ ಸುಣ್ಣವಾಗುತ್ತದೆ. ಕಾವಿಗೆ ಆವಿಯಾಗಿ ಹೋಗುವ ನೀರು ಬೇರೆ.