ಬಾಡಿಗೆಯೇ ಕಂತು ಕಟ್ಟುತ್ತದೆಯೇ?



ಹೋದ ವಾರ ಮುಲುಂಡಿನಿಂದ ಕೇಳುಗರೊಬ್ಬರು ಫೋನ್ ಮಾಡಿದ್ದರು. ಊರು ಕಾರ್ಕಳದ ಕಡೆ, ಇಲ್ಲಿ ಸಣ್ಣ ಕ್ಯಾಂಟೀನು. "ಇನ್ನೊಂದು ಫ್ಲ್ಯಾಟ್ ತಗೊಳ್ಳೋಣ ಅಂತಿದ್ದೇನೆ ಮೇಡಂ. ಬಾಡಿಗೆಗೆ ಕೊಟ್ಟರೆ ಸಾಲದ ಕಂತು ಅದೇ ಕಟ್ಟಿಕೊಂಡು ಹೋಗ್ತದಲ್ವಾ?" ಕನ್ನಡ ಬಿ.ಎ. ಓದಿದ ನಾನು ಲೆಕ್ಕದಲ್ಲಿ ಸ್ವಲ್ಪ ಹಿಂದೆಯೇ. ಆದರೂ ಪೆನ್ನು ಹಿಡಿದು ಕೂತೆ.

ಫ್ಲ್ಯಾಟಿನ ಬೆಲೆ 1 ಕೋಟಿ. ಇಂಥ ಮನೆಗೆ ಬ್ಯಾಂಕು ಕೊಡುವುದು ಹೆಚ್ಚೆಂದರೆ 75 ಲಕ್ಷ. ಮುಂಬಯಿಯಲ್ಲಿ ಸ್ಟ್ಯಾಂಪ್ ಡ್ಯೂಟಿ ನೂರಕ್ಕೆ 6, ಅಂದರೆ 6 ಲಕ್ಷ, ನೋಂದಣಿಗೆ 30,000. ಇವು ಗೃಹಸಾಲದೊಳಗೆ ಬರುವುದಿಲ್ಲ. ಕೈಯಿಂದ 31 ಲಕ್ಷದ ಮೇಲೆ ಬೇಕು. ಅವರಲ್ಲಿ ಇದ್ದದ್ದು 16 ಲಕ್ಷ. ಉಳಿದ 15 ಲಕ್ಷಕ್ಕೆ ಪರ್ಸನಲ್ ಲೋನ್ ಅಂತೆ!

ಶೇಕಡಾ 8.5 ಬಡ್ಡಿಯಲ್ಲಿ 20 ವರ್ಷಕ್ಕೆ ಗೃಹಸಾಲದ ಕಂತು ತಿಂಗಳಿಗೆ ಸುಮಾರು 65,000. ಶೇಕಡಾ 12ರಲ್ಲಿ 5 ವರ್ಷಕ್ಕೆ ಆ ಇನ್ನೊಂದು ಸಾಲದ್ದು 33,000. ಒಟ್ಟು 98,000. ಬ್ರೋಕರ್ ಹೇಳಿದ ಬಾಡಿಗೆ 28,000. ಮೊದಲ ಐದು ವರ್ಷ ತಿಂಗಳಿಗೆ 70,000 ಕ್ಯಾಂಟೀನಿನ ಗಲ್ಲಾದಿಂದಲೇ ಬರಬೇಕು. ಸೊಸೈಟಿಯ ಮೇಂಟೆನೆನ್ಸ್, ಬಾಡಿಗೆಗೆ ಕೊಟ್ಟದ್ದಕ್ಕೆ ನಾನ್-ಆಕ್ಯುಪೆನ್ಸಿ ಚಾರ್ಜು, ಮನೆ ಖಾಲಿ ಬೀಳುವ ತಿಂಗಳುಗಳು ಬೇರೆ.

"ಹಾಗಾದರೆ ಬಣ್ಣ ಹೊಡೆಸಿ, ಕಿಚನ್ ಹೊಸದು ಮಾಡಿಸಿ, ವರ್ಷದೊಳಗೆ ಮಾರಿದರೆ?" ಎಂದರು. 24 ತಿಂಗಳೊಳಗೆ ಮಾರಿದರೆ ಲಾಭ ಅಲ್ಪಾವಧಿಯದು. ಅದು ನಿಮ್ಮ ಆದಾಯಕ್ಕೆ ಸೇರಿ, ನಿಮ್ಮ ಸ್ಲ್ಯಾಬಿನಂತೆ ತೆರಿಗೆ. ಕೊಳ್ಳುವಾಗೊಮ್ಮೆ, ಮಾರುವಾಗೊಮ್ಮೆ ಬ್ರೋಕರೇಜು. ಸ್ಟ್ಯಾಂಪ್ ಡ್ಯೂಟಿ, ರಿಪೇರಿ ಎಲ್ಲ ಕಳೆದು ಲಾಭ ಉಳಿಯಬೇಕಾದರೆ ಬೆಲೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏರಲೇಬೇಕು.

ಮಾರುವವರು 10 ಲಕ್ಷ ಕ್ಯಾಶ್ ಕೇಳುತ್ತಿದ್ದಾರಂತೆ. 2015ರ ಜೂನ್‌ನಿಂದ ಆಸ್ತಿ ಮಾರಾಟದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಪಡೆದವರಿಗೆ ಅಷ್ಟೇ ಮೊತ್ತದ ದಂಡ. ಕೊಳ್ಳುವವರಿಗೂ ನಷ್ಟವೇ. ಆ ಹಣ ಅಗ್ರಿಮೆಂಟಿನಲ್ಲಿ ಬರುವುದಿಲ್ಲ, ಬ್ಯಾಂಕು ಅದಕ್ಕೆ ಸಾಲ ಕೊಡುವುದಿಲ್ಲ, ನಾಳೆ ನೀವು ಮಾರುವಾಗ ಅದನ್ನು ಖರ್ಚೆಂದು ತೋರಿಸಲೂ ಆಗುವುದಿಲ್ಲ.

ಈಗಾಗಲೇ ಬಾಡಿಗೆಗೆ ಕೊಟ್ಟಿರುವವರಿಗೂ ಒಂದು ಮಾತು. ಲೀವ್ ಅಂಡ್ ಲೈಸೆನ್ಸ್ ಕರಾರನ್ನು, 11 ತಿಂಗಳದ್ದೇ ಇರಲಿ, ನೋಂದಾಯಿಸುವ ಹೊಣೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯಂತೆ ಮನೆ ಮಾಲೀಕರದ್ದು. ಮಾಡಿಸದಿದ್ದರೆ ಕರಾರಿನ ಷರತ್ತುಗಳ ಬಗ್ಗೆ ಬಾಡಿಗೆದಾರರ ಮಾತೇ ನಡೆಯುತ್ತದೆ. ಹಾಗಲ್ಲವೆಂದು ಮಾಲೀಕರೇ ಸಾಬೀತು ಮಾಡಬೇಕು.

ಲೆಕ್ಕವೆಲ್ಲ ಕೇಳಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಟೋಕನ್ ಇನ್ನೂ ಕೊಟ್ಟಿಲ್ಲ ಮೇಡಂ" ಎಂದರು.